ಅಂಚೆಚೀಟಿಯ ಹಣೆಗೆ ಕುಂಕುಮ

ಮನುಷ್ಯ ಬಾಯಿ ಬಿಟ್ಟು ನಿಲ್ಲಬೇಕಾದರೆ ಎದುರಿಗೆ ಏನಾದರೂ ದೊಡ್ಡದೇ ಇರಬೇಕು ಎಂದು ಎಲ್ಲರೂ ತಿಳಿದಿದ್ದಾರೆ. ಕೆಲವರಿಗೆ ಸಮುದ್ರ ಬೇಕು, ಕೆಲವರಿಗೆ ಆನೆ. ನಮ್ಮ ಅಪ್ಪನಿಗೆ ಮದುಕ್ಕರೈಯ ಸಿಮೆಂಟು ಕಾರ್ಖಾನೆಯ ಹೊಗೆಕೊಳವೆ ಸಾಕು. ಬಸ್ಸು ಆ ಕಡೆ ಹೋದಾಗಲೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮೊದಲ ಸಲ ನೋಡುವವನ ಹಾಗೆ ನೋಡುತ್ತಾನೆ. ನಾನು ಬಾಯಿ ಬಿಡುವುದು ಒಂದು ಅಂಗುಲದ ಕಾಗದದ ಮುಂದೆ. ಅದರ ನಾಲ್ಕು ಅಂಚಿಗೂ ಹಲ್ಲುಗಳಿರಬೇಕು, ಬೆನ್ನಿಗೆ ಅಂಟಿರಬೇಕು, ಮುಖದಲ್ಲಿ ಒಂದು ಹಬ್ಬವಿರಬೇಕು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಿರುವುದು ಬೇರೆ ವಿಷಯಕ್ಕೆ. ಈ ಅಂಗುಲದ ಕಾಗದಕ್ಕಾಗಿ ನಾನು ಒಮ್ಮೆ ಒಂದು ಸುಳ್ಳು ಹೇಳಿದೆ. ಎರಡೇ ಪದದ ಸುಳ್ಳು, ಅದೂ ಇಂಗ್ಲಿಷಿನಲ್ಲಿ. ಮೂರು ವರ್ಷದ ಪದವಿಯಲ್ಲಿ ಕಲಿತ ಇಂಗ್ಲಿಷು ಅಷ್ಟು ಚಿಕ್ಕದಾಗಿ, ಅಷ್ಟು ಚೊಕ್ಕವಾಗಿ ಬೇರೆ ಯಾವಾಗಲೂ ನನ್ನ ಬಾಯಿಂದ ಬಂದಿಲ್ಲ.

ಪದವಿಯ ಮಾತು ಬಂದದ್ದರಿಂದ ಅದನ್ನು ಮುಗಿಸಿಯೇ ಮುಂದೆ ಹೋಗುತ್ತೇನೆ. ಅದನ್ನು ಹೇಳದೆ ನಾನು ಯಾವ ಮಾತನ್ನೂ ಆಡಿದವನಲ್ಲ. ಪಲ್ಲಡದ ಹತ್ತಿರ ನಮ್ಮ ಊರು, ನೇಕಾರರ ಬೀದಿ. ಎಲ್ಲ ಮನೆಯಲ್ಲೂ ಮಗ್ಗ, ಎಲ್ಲ ಮನೆಯೊಳಗೂ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಬೀದಿಯಲ್ಲಿ ಬಿ.ಕಾಂ. ಮುಗಿಸಿದವರಲ್ಲಿ ನಾನೇ ಮೊದಲನೆಯವನು. ಫಲಿತಾಂಶ ಬಂದ ವಾರವೇ ಅಪ್ಪ ಬೋರ್ಡು ಬರೆಯುವವನನ್ನು ಕರೆಸಿ, ಮನೆಯ ಬಾಗಿಲಿನ ಮೇಲೆ ನನ್ನ ಹೆಸರನ್ನೂ ಅದರ ಪಕ್ಕದಲ್ಲಿ ಪದವಿಯನ್ನೂ ಬರೆಸಿದ. ಬೋರ್ಡಿನವನು ಪದವಿಯನ್ನು ಹೆಸರಿಗಿಂತ ದೊಡ್ಡದಾಗಿ ಬರೆದ. ಅಪ್ಪನೂ ಹಾಗೆಯೇ ಹೇಳಿದ್ದನಂತೆ. ಪದವಿಪತ್ರಕ್ಕೆ ಕಟ್ಟು ಹಾಕಿಸಿ ಮಗ್ಗದ ಮೇಲಿನ ಗೋಡೆಗೆ ತೂಗುಹಾಕಿದರು. ಮಗ್ಗ ಒದೆದಾಗಲೆಲ್ಲ ಅದು ಗೋಡೆಗೆ ಕಟಕಟ ಬಡಿಯುತ್ತಿತ್ತು. ನಾನು ಓದಿದ್ದನ್ನೆಲ್ಲ ಮರೆತರೂ ಓದಿದ್ದೇನೆ ಎಂಬುದನ್ನು ಮರೆಯಲು ಆ ಸದ್ದು ಬಿಡುತ್ತಿರಲಿಲ್ಲ.

ಪದವಿಗೆ ತಕ್ಕ ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಸಿಕ್ಕಿತು. ಆಗಷ್ಟೇ ನಮ್ಮ ಕಡೆಯ ಬನಿಯನ್ನುಗಳು ಹಡಗು ಹತ್ತಿ ಯೂರೋಪಿಗೆ ಹೋಗಲು ಶುರುವಾಗಿದ್ದ ಕಾಲ. ಅಲ್ಲಿಂದ ಬರುವ ಕಾಗದಗಳನ್ನು ಓದಿ ನಮ್ಮ ಮುದಲಾಳಿಗೆ ತಮಿಳಿನಲ್ಲಿ ಹೇಳುವುದು, ಅವರು ಕೊಟ್ಟ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ. ಮುದಲಾಳಿ ಕಂಪನಿಯ ಒಡೆಯರು, ಒಳ್ಳೆಯ ಮನುಷ್ಯ, ಅವರ ಉತ್ತರ ಎಲ್ಲಕ್ಕೂ ಒಂದೇ: "ಮಾಡಿಕೊಡುತ್ತೇವೆ ಅಂತ ಬರೆ ತಂಬಿ." ಅದನ್ನು ನಾನು ಒಂದೂವರೆ ಪುಟ ಮಾಡಿ ಬರೆಯುತ್ತಿದ್ದೆ. ಹಾಗಿರುವಾಗ ಒಂದು ಡಿಸೆಂಬರಿನಲ್ಲಿ ಹಾಲೆಂಡಿನಿಂದ ಒಂದು ಲಕೋಟೆ ಬಂತು. ಒಳಗೆ ನಮ್ಮ ಬನಿಯನ್ನಿನ ತೋಳು ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಎಂಬ ದೂರು. ಹೊರಗೆ, ಬಲಗಡೆಯ ಮೂಲೆಯಲ್ಲಿ, ಒಂದು ಚಿಕ್ಕ ಮನೆ. ಅದರ ಮಾಡಿನ ಮೇಲೆ, ಮರಗಳ ಮೇಲೆ, ದಾರಿಯ ಮೇಲೆ ಎಲ್ಲ ಕಡೆಯೂ ಹಿಮ. ಮನೆಯ ಒಂದೇ ಒಂದು ಕಿಟಕಿಯಲ್ಲಿ ಹಳದಿ ಬೆಳಕು. ಆ ಕಿಟಕಿ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಆದರೂ ಒಳಗೆ ಯಾರೋ ಇದ್ದಾರೆ, ಒಲೆ ಹತ್ತಿಸಿದ್ದಾರೆ, ಯಾರೋ ಬರುವುದನ್ನು ಕಾಯುತ್ತಿದ್ದಾರೆ ಎಂದು ನನಗೆ ಖಚಿತವಾಗಿ ಗೊತ್ತಾಯಿತು. ನಾನು ದೂರನ್ನು ಬಿಟ್ಟು ಕಿಟಕಿಯನ್ನು ನೋಡುತ್ತಾ ಕೂತೆ. ಮುದಲಾಳಿ ಬಂದು, "ಏನುಂಗ ತಂಬಿ, ಅಷ್ಟು ಕೆಟ್ಟ ಸುದ್ದಿಯಾ?" ಎಂದು ಕೇಳಿದರು.

ಅವತ್ತಿನ ಬೆರಗನ್ನು ಈಗಲೂ ಸರಿಯಾಗಿ ಹೇಳಲು ನನಗೆ ಬಾರದು. ತೋಳಿನ ಅಳತೆ ತಪ್ಪಿದ್ದಕ್ಕೆ ಕೋಪದಿಂದ ಕಾಗದ ಬರೆದ ಮನುಷ್ಯ, ಆ ಕೋಪವನ್ನು ಕಳಿಸುವುದಕ್ಕೂ ಹಬ್ಬದ ಚೀಟಿಯನ್ನೇ ಅಂಟಿಸಿದ್ದ. ಅವನ ದೇಶದ ಸರ್ಕಾರ, ಹಬ್ಬ ಬರುತ್ತಿದೆ, ಕಾಗದಗಳು ಹೊಸ ಬಟ್ಟೆ ಹಾಕಿಕೊಂಡು ಹೋಗಲಿ ಎಂದು ಅದನ್ನು ಅಚ್ಚು ಹಾಕಿಸಿತ್ತು. ಆ ಹೊಸ ಬಟ್ಟೆ ಹಾಕಿಕೊಂಡು ಅದು ಸಮುದ್ರ ದಾಟಿ, ಬಣ್ಣದ ನೀರು ಹರಿಯುವ ಮೋರಿಯ ಪಕ್ಕದ ನಮ್ಮ ಆಫೀಸಿಗೆ ಬಂದು, ನನ್ನ ಮೇಜಿನ ಮೇಲೆ ಮಲಗಿತ್ತು. ಸಂಜೆ ಅದನ್ನು ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅವ್ವ ದೀಪದ ಹತ್ತಿರ ಹಿಡಿದು ನೋಡಿದಳು.

"ಏನ್ ಸಾಮಿ ಇದು, ಯಾವ ಮಿಲ್ಲು? ಇಷ್ಟು ಪಂಜು ಬಿದ್ದಿದ್ರೂ ಒಬ್ಬರೂ ಗುಡಿಸ್ಲಿಲ್ವೇ?"

ನಮ್ಮ ಕಡೆ ಬೆಳ್ಳಗೆ ಬೀಳುವುದು ಒಂದೇ, ಹತ್ತಿಯ ನವಿರು. ಅದಕ್ಕೇ ಪಂಜು ಎನ್ನುವುದು. ಅದು ಮರದ ಮೇಲೆ, ಮಾಡಿನ ಮೇಲೆ, ಅನ್ನದ ಮೇಲೆ, ನನ್ನ ಪದವಿಪತ್ರದ ಗಾಜಿನ ಮೇಲೆ ಬೀಳುತ್ತದೆ. "ಅದು ಹತ್ತಿಯಲ್ಲ ಅವ್ವ, ಹಿಮ. ಆಕಾಶದಿಂದ ಬೀಳುತ್ತೆ" ಎಂದೆ.

"ಮೇಲಿಂದ ಬೀಳುತ್ತಾ? ಹಂಗಾರೆ ನಮ್ಮ ಊರಂಗೇ. ಪಾವ, ಅವರಿಗೂ ಕೆಮ್ಮು ಇರುತ್ತೆ" ಎಂದು ಚೀಟಿಯನ್ನು ಹಿಂದಕ್ಕೆ ಕೊಟ್ಟಳು.

ಅಂದಿನಿಂದ ನಾನು ಹಾಳಾದೆ. ಡಿಸೆಂಬರು, ಜನವರಿ ಬಂತೆಂದರೆ ಅಂಚೆಯವನ ಸೈಕಲ್ಲಿನ ಗಂಟೆಗೆ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಇಟಲಿಯ ಚೀಟಿಗಳಲ್ಲಿ ಹಳೆಯ ಚಿತ್ರಕಾರರು ಬರೆದ ತಾಯಿ ಮಗು. ಜರ್ಮನಿಯವರದು ಮರದಲ್ಲಿ ಕೆತ್ತಿದ ತಾಯಿ ಮಗು. ಇಂಗ್ಲೆಂಡಿನಲ್ಲಿ ರೆಕ್ಕೆ ಬಿಚ್ಚಿದ ದೇವದೂತರು. ಒಂದು ವರ್ಷ ಬಂದದ್ದು ಮರುವರ್ಷ ಬಾರದು. ಹಬ್ಬ ಅದೇ, ತಾಯಿ ಅದೇ, ಮಗು ಅದೇ. ಆದರೆ ಚಿತ್ರ ಪ್ರತಿ ಸಲವೂ ಹೊಸದು. ನಮ್ಮ ಅಪ್ಪ ಇಪ್ಪತ್ತು ವರ್ಷ ಒಂದೇ ಅಂಚಿನ ಸೀರೆ ನೇಯ್ದವನು. ವರ್ಷಕ್ಕೊಂದು ಹೊಸ ಅಂಚನ್ನು ಯೋಚಿಸಿ, ಅದೂ ಕಾಗದದ ಮೂಲೆಗೆ ಅಂಟಿಸಿ ಮರೆತುಬಿಡುವುದಕ್ಕಾಗಿ ಯೋಚಿಸಿ, ದುಡಿಯುವವರು ಈ ಲೋಕದಲ್ಲಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಆತುರದಲ್ಲಿ ಒಮ್ಮೆ ಲಕೋಟೆಯ ಮೂಲೆಯನ್ನು ಕತ್ತರಿಸುವಾಗ ಒಳಗಿನ ಕಾಗದದ ಮೂಲೆಯೂ ಕತ್ತರಿಸಿಹೋಯಿತು. ಬನಿಯನ್ನಿಗೆ ಯಾವ ಬಣ್ಣ ಹಾಕಬೇಕೆಂದು ಬರೆದದ್ದು ಆ ಮೂಲೆಯಲ್ಲೇ. "ಬಣ್ಣ ಎಲ್ಲಿ ತಂಬಿ?" ಎಂದು ಮುದಲಾಳಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಣ್ಣ ನಮ್ಮ ಮನೆಯಲ್ಲಿ, ಅವ್ವ ಅಕ್ಕಿ ತೊಳೆಯುವ ಪಾತ್ರೆಯ ನೀರಿನಲ್ಲಿ, ಚೀಟಿಯ ಜೊತೆಗೆ ನೆನೆಯುತ್ತಿತ್ತು. ಅದನ್ನು ಹೇಳಲಿಲ್ಲ. ಮತ್ತೊಮ್ಮೆ ಬಣ್ಣ ತಿಳಿಸಬೇಕೆಂದು ಆ ಕಡೆಯವರಿಗೆ ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಬರೆದೆ. ಅವರು ಮತ್ತೆ ಬರೆದರು. ಹಾಗೆ ಇನ್ನೊಂದು ಚೀಟಿಯೂ ಬಂತು.

ನಮ್ಮ ದೇಶದ ಹೊಸ ಚೀಟಿಗಳನ್ನು ನಾನು ಕಡೆಗಣಿಸಿದೆ ಎಂದುಕೊಳ್ಳಬೇಡಿ. ಹೊಸ ಚಿತ್ರ ಬಿಡುಗಡೆಯಾಗುವ ಬೆಳಗ್ಗೆ, ರಜೆ ಹಾಕಿ, ಮೊದಲ ಬಸ್ಸಿಗೇ ಕೊಯಮತ್ತೂರಿನ ದೊಡ್ಡ ಅಂಚೆಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ಅಲ್ಲಿಯ ಕಿಟಕಿಯಲ್ಲಿ ಕೂರುವ ಗುಮಾಸ್ತರು ಮೊದಲ ದಿನದ ಮುದ್ರೆಯನ್ನು ಕೈಯಲ್ಲಿ ಎತ್ತಿಕೊಂಡು, "ತಟ್ಟಲೋ, ಸವರಲೋ?" ಎಂದು ಕೇಳುತ್ತಿದ್ದರು. ಬಾಕಿ ಜನರ ಕಾಗದಕ್ಕೆ ತಟ್ಟು, ನಮ್ಮಂಥವರಿಗೆ ಸವರು. ಅವರು ಉಸಿರು ಹಿಡಿದು ಮುದ್ರೆಯನ್ನು ಇಳಿಸಿ, ಮೆಲ್ಲಗೆ ಎತ್ತುವಾಗ ಸಾಲಿನಲ್ಲಿದ್ದ ನಾವೆಲ್ಲರೂ ಉಸಿರು ಹಿಡಿಯುತ್ತಿದ್ದೆವು. ಆ ಸಾಲಿನಲ್ಲೇ ನನಗೆ ರಾಯರ ಪರಿಚಯವಾದದ್ದು. ರಾಯರು ಕಾಲೇಜಿನ ಮೇಷ್ಟರಾಗಿ ನಿವೃತ್ತರಾದವರು, ಕೊಯಮತ್ತೂರಿನಲ್ಲಿ ಮೂರು ತಲೆಮಾರಿನ ಕನ್ನಡದ ಮನೆ, ಊರಿನ ಅಂಚೆಚೀಟಿ ಸಂಘಕ್ಕೆ ಕಾರ್ಯದರ್ಶಿ. ನಾನು ಕನ್ನಡ ಮಾತಾಡುತ್ತೇನೆ, ಆದರೆ ಓದಲು ಬಾರದು ಎಂದು ತಿಳಿದು ಅವರಿಗೆ ದುಃಖವೇ ಆಯಿತು. "ಏನಯ್ಯಾ, ಇಟಲಿಯ ಚೀಟಿಯ ಮೇಲಿನ ಅಕ್ಷರ ಓದುತ್ತೀ, ನಿಮ್ಮವ್ವ ಆಡುವ ಮಾತಿನ ಅಕ್ಷರ ಗೊತ್ತಿಲ್ಲವೆ?" ಎಂದರು. ಭಾನುವಾರಗಳಲ್ಲಿ, ಚೀಟಿ ನೋಡುವ ನೆಪದಲ್ಲಿ, ಅಆಇಈ ತಿದ್ದಿಸಿದರು. ಈಗ ನೀವು ಓದುತ್ತಿರುವ ಈ ತಪ್ಪು ಒಪ್ಪು ಎಲ್ಲವೂ ಅವರ ಕೃಪೆ. ಪದವೀಧರ ಮಗ ಸ್ಲೇಟು ಹಿಡಿದು ಕೂತದ್ದನ್ನು ನೋಡಿ ಅಪ್ಪ ಮಾತ್ರ ಕಂಗಾಲಾದ. "ಬೋರ್ಡು ಬರೆಸ್ಬಿಟ್ಟಿದೀನಲ್ಲೋ, ಇನ್ನೂ ಮುಗೀಲಿಲ್ವಾ ನಿನ್ನ ಓದು?" ಎಂದು ಕೇಳಿದ.

ರಾಯರು ಅಕ್ಷರದ ಜೊತೆಗೆ ಸಂಗ್ರಹದ ಕಟ್ಟುಪಾಡನ್ನೂ ಕಲಿಸಿದರು. ಚೀಟಿಯನ್ನು ಬೆರಳಿನಿಂದ ಮುಟ್ಟಕೂಡದು; ಬೆರಳಿನ ಬೆವರು ಬಣ್ಣವನ್ನು ತಿನ್ನುತ್ತದೆ. ಚಿಮಟದಲ್ಲೇ ಎತ್ತಬೇಕು. ಗಾಳಿಗೆ ಒಡ್ಡಕೂಡದು, ಬಿಸಿಲಿಗೆ ಇಡಕೂಡದು. ನಾನು ಮನೆಗೆ ಬಂದು ಆ ಕಟ್ಟುಪಾಡನ್ನೆಲ್ಲ ಜಾರಿಗೆ ತಂದೆ. ಆಲ್ಬಮ್ಮಿನ ಹತ್ತಿರ ಅವ್ವ ಬಂದರೆ, "ಕೈ! ಕೈ!" ಎಂದು ಕೂಗುತ್ತಿದ್ದೆ.

"ದೇವರನ್ನೂ ಕೈಯಲ್ಲೇ ಮುಟ್ಟಿ ಎಣ್ಣೆ ಹಚ್ತೀವಿ ಸಾಮಿ. ಇದೇನು ಅದಕ್ಕಿಂತ ಮಡಿ?" ಎಂದಳು ಒಂದು ಸಲ.

"ಕೈ ತಾಗಿಸಬೇಡ. ಅಷ್ಟೇ" ಎಂದೆ. ಓದಿದವನು ಅಮ್ಮನ ಹತ್ತಿರ ಮಾತಾಡುವ ಧಾಟಿ ಅದು. ನಿಮ್ಮ ಮನೆಯಲ್ಲೂ ಒಬ್ಬ ಓದಿದವನಿದ್ದರೆ ಗೊತ್ತಿರುತ್ತದೆ.

ಆ ವರ್ಷ ಸಂಘದವರು ಕೊಯಮತ್ತೂರಿನಲ್ಲಿ ಪ್ರದರ್ಶನ ಇಟ್ಟರು. ನವರಾತ್ರಿ ಮುಗಿದ ಎರಡನೇ ಭಾನುವಾರ. ಒಬ್ಬೊಬ್ಬರಿಗೆ ಹದಿನಾರು ಹಾಳೆಯ ಒಂದು ಚೌಕಟ್ಟು. ಮದ್ರಾಸಿನಿಂದ ತೀರ್ಪುಗಾರರು ಬರುತ್ತಾರೆ. ಒಳ್ಳೆಯ ಚೌಕಟ್ಟಿಗೆ ಪದಕ. 'ಲೋಕದ ಹಬ್ಬಗಳು' ಎಂದು ನಾನು ಹೆಸರು ಕೊಟ್ಟೆ. ಆರು ತಿಂಗಳು ಕೂತು ಹಾಳೆಗಳನ್ನು ಜೋಡಿಸಿದೆ. ನನ್ನ ಪ್ರಾಣವಿದ್ದದ್ದು ಒಂಬತ್ತನೆಯ ಹಾಳೆಯಲ್ಲಿ. ಅದರಲ್ಲಿ ಎಂಟು ದೇಶದ ಎಂಟು ತಾಯಂದಿರು, ಎಂಟು ಕೈಗೂಸುಗಳು. ಒಬ್ಬಳು ಚಿನ್ನದ ಹಿನ್ನೆಲೆಯಲ್ಲಿ, ಒಬ್ಬಳು ಕಲ್ಲಿನಲ್ಲಿ, ಒಬ್ಬಳು ಬಣ್ಣದ ಗಾಜಿನಲ್ಲಿ. ಅದನ್ನು ತೆರೆದಾಗಲೆಲ್ಲ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು. ಕಾಲೇಜಿನಲ್ಲಿ ನನ್ನ ಪಕ್ಕ ಕೂತವರ ಅಪ್ಪಂದಿರು ವಕೀಲರು, ಡಾಕ್ಟರು. ಅವರ ಮನೆಯ ಗೋಡೆಗಳಲ್ಲಿ ಪದಕಗಳಿದ್ದವು. ನಮ್ಮ ಗೋಡೆಯಲ್ಲಿ ಪದವಿಪತ್ರ ಒಂದೇ ಕಟಕಟ ಎನ್ನುತ್ತಿತ್ತು. ಅದರ ಪಕ್ಕದಲ್ಲಿ ಒಂದು ಪದಕ ತೂಗಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಪ್ರದರ್ಶನಕ್ಕೆ ಒಂದು ತಿಂಗಳು ಮೊದಲೇ ಮೊಳೆ ಹೊಡೆದಿಟ್ಟೆ.

ಆಯುಧಪೂಜೆಯ ದಿನ ತಿರುಪ್ಪೂರಿನಲ್ಲಿ ಕಂಪನಿಯ ಪೂಜೆ. ಹೊಲಿಗೆಯಂತ್ರಗಳಿಗೆಲ್ಲ ಗಂಧ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಪುರಿ ಕಡಲೆಯ ಪೊಟ್ಟಣ ಹಿಡಿದು ಸಂಜೆಗೆ ಮುಂಚೆ ಮನೆಗೆ ಬಂದೆ. ಮನೆಯಲ್ಲೂ ಪೂಜೆ ಮುಗಿದಿತ್ತು. ಮಗ್ಗಕ್ಕೆ ಮಾವಿನ ತೋರಣ. ಅದರ ಮುಂದೆ ಮಣೆ ಹಾಕಿ ಲಾಳಿ, ಕತ್ತರಿ, ಅಳತೆಯ ಕೋಲು, ಗೋಡೆಯಿಂದ ಇಳಿಸಿದ ನನ್ನ ಪದವಿಪತ್ರ. ಪ್ರತಿ ವರ್ಷವೂ ಹೀಗೇ. ಆದರೆ ಪದವಿಪತ್ರದ ಪಕ್ಕದಲ್ಲಿ ನನ್ನ ಆಲ್ಬಮ್ಮು. ತೆರೆದಿಟ್ಟಿದ್ದ ಆಲ್ಬಮ್ಮು. ಒಂಬತ್ತನೆಯ ಹಾಳೆ.

ನಾನು ಮಂಡಿಯೂರಿ ಬಗ್ಗಿ ನೋಡಿದೆ. ಎಂಟು ತಾಯಂದಿರ ಹಣೆಯಲ್ಲೂ ಕೆಂಪು ಚುಕ್ಕೆ.

ಕೈ ಚಾಚಿದೆ. "ಮುಟ್ಟಬ್ಯಾಡ!" ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದಳು. ಆಲ್ಬಮ್ಮಿನ ಹತ್ತಿರ ಅವಳಿಗೆ ನಾನು ಕೂಗುತ್ತಿದ್ದ ಧಾಟಿಯಲ್ಲೇ. "ನಾಳೆ ಬೆಳಗ್ಗೆ ಪೂಜೆ ಮಾಡಿ ಎತ್ತೋವರೆಗೂ ಸರಸ್ವತಿ ಅಲ್ಲೇ ಕೂತಿರ್ತಾಳೆ. ಓದಿದವನಿಗೆ ಇದು ಗೊತ್ತಿಲ್ವೇ?"

"ಅವ್ವ, ಏನು ಮಾಡಿಬಿಟ್ಟೆ? ಕುಂಕುಮ ಇಟ್ಟುಬಿಟ್ಟಿದ್ದೀಯಲ್ಲ!"

"ಕೈ ತಾಗಿಸ್ಲಿಲ್ಲ ಸಾಮಿ. ನೀನು ಹೇಳಿದ್ಯಲ್ಲ, ಅದಕ್ಕೇ ಕೊಕ್ಕೆಯಲ್ಲಿ ಇಟ್ಟೆ" ಎಂದು ಅವ್ವ ಹೊರಗೆ ಬಂದು ತೋರಿಸಿದಳು. ಮಗ್ಗದ ಹಣಿಗೆಯ ಸಂದುಗಳಲ್ಲಿ ಒಂದೊಂದೇ ಎಳೆಯನ್ನು ಎಳೆದು ತೂರಿಸುವ ಸಣ್ಣ ತಂತಿಯ ಕೊಕ್ಕೆ ಅದು. ಅದರ ತುದಿ ಎಳೆಯಷ್ಟೇ ಸಣ್ಣ. ತುದಿಯಲ್ಲಿ ಇನ್ನೂ ಕೆಂಪಿತ್ತು.

"ಅದು ಯಾರು ಗೊತ್ತಾ ನಿನಗೆ?" ಎಂದು ನಾನು ಅಳುವ ದನಿಯಲ್ಲಿ ಕೇಳಿದೆ.

"ಗೊತ್ತಿಲ್ದೆ ಏನು? ಮಾದಾ ಕೋವಿಲಿನ ತಾಯಿ, ಚರ್ಚಿನವಳು. ಯಾರಾದ್ರೇನು, ಕೈಗೂಸಿನವಳು. ಹಬ್ಬದ ದಿನ ನಮ್ಮ ಮನೆಗೆ ಬಂದವಳನ್ನ ಬರೀ ಹಣೇಲಿ ಕೂರಿಸೋದಾ? ಎಂಟು ಜನ ಬಂದವ್ರೆ, ಎಂಟು ಜನಕ್ಕೂ ಇಟ್ಟೆ." ಸ್ವಲ್ಪ ಯೋಚಿಸಿ ಸೇರಿಸಿದಳು: "ಆಚೆ ಹಾಳೇಲಿ ರೆಕ್ಕೆ ಇರೋರಿಗೆ ಇಡ್ಲಿಲ್ಲ. ಗಂಡೋ ಹೆಣ್ಣೋ ತಿಳೀಲಿಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಕಡಲೆ ತಿನ್ನುತ್ತಾ, "ಚೆಂದಾಗೇ ಇದೆಯಲ್ಲೋ" ಎಂದ.

ಮರುದಿನ ಬೆಳಗ್ಗೆ ಪೂಜೆಯಾಗಿ ಸರಸ್ವತಿ ಎದ್ದ ಮೇಲೆ ಹಾಳೆ ನನ್ನ ಕೈಗೆ ಬಂತು. ಅಷ್ಟರಲ್ಲಿ ಕುಂಕುಮ ಒಣಗಿ ಕಾಗದಕ್ಕೆ ಇಳಿದಿತ್ತು. ಒಂದು ಚೀಟಿಯನ್ನು ಎತ್ತಿ, ನಿಂಬೆಹಣ್ಣಿನ ರಸದಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿದೆ. ನಾನು ಓದಿದ್ದು ವಾಣಿಜ್ಯ. ಕುಂಕುಮ ಅರಿಶಿನದಿಂದಾದದ್ದು, ಹುಳಿ ಬಿದ್ದರೆ ಅದು ಮತ್ತೆ ಅರಿಶಿನವಾಗುತ್ತದೆ ಎಂದು ನಮಗೆ ಯಾರೂ ಪಾಠ ಮಾಡಿರಲಿಲ್ಲ. ಚುಕ್ಕೆ ಹೋಗಲಿಲ್ಲ. ಬದಲಿಗೆ ಆ ತಾಯಿಯ ಮುಖವೆಲ್ಲ ಹಳದಿಯಾಗಿ, ಕಾಮಾಲೆಯಾದವಳ ಹಾಗೆ ನನ್ನನ್ನು ನೋಡಿದಳು. ಅವ್ವ ಇಣುಕಿ, "ಓ, ಅರಿಶಿನ ನೀನಿಟ್ಟೆಯಾ? ಒಳ್ಳೇದು" ಎಂದಳು. ಉಳಿದ ಏಳನ್ನು ಮುಟ್ಟುವ ಧೈರ್ಯ ಬರಲಿಲ್ಲ. ಹಳದಿಯಾದವಳ ಜಾಗಕ್ಕೆ ನನ್ನಲ್ಲಿದ್ದ ಬೇರೊಂದು ದೇಶದ ತಾಯಿಯನ್ನು ಹಾಕಿದೆ. ಅವಳ ಹಣೆ ಮಾತ್ರ ಬರಿದಾಗಿ, ಏಳು ಮುತ್ತೈದೆಯರ ನಡುವೆ ಪರದೇಶಿಯ ಹಾಗೆ ಕಂಡಳು.

ಆಗ ಭೂತಗನ್ನಡಿ ತೆಗೆದು ನೋಡಿದೆ. ನೋಡಿದವನು ಬೈಯುವುದನ್ನು ಮರೆತೆ. ಆ ಮುಖಗಳು ಅವರೆಕಾಳಿನಷ್ಟೂ ಇಲ್ಲ. ಹಣೆ ಎಂದರೆ ಎಳ್ಳಿನಷ್ಟು. ಆ ಎಳ್ಳಿನ ನಟ್ಟನಡುವೆ, ಹುಬ್ಬಿನಿಂದ ಹುಬ್ಬಿಗೆ ಅಳೆದಿಟ್ಟ ಹಾಗೆ, ದುಂಡಗೆ, ಒಂದು ಕೂದಲಿನಷ್ಟೂ ಚೆಲ್ಲದೆ, ಚುಕ್ಕೆ ಕೂತಿತ್ತು. ಒಬ್ಬಳು ಮಗುವಿನ ಕಡೆ ತಲೆ ಬಾಗಿಸಿದ್ದಳು; ಅವಳ ಚುಕ್ಕೆಯೂ ಅಷ್ಟೇ ಬಾಗಿತ್ತು. ನಾನು ಯೂರೋಪಿನ ಚಿತ್ರಕಾರರನ್ನು ನೋಡಿ ಬಾಯಿ ಬಿಟ್ಟವನು. ನಮ್ಮ ಅವ್ವ ಮೂವತ್ತು ವರ್ಷ ಹರಿದ ಎಳೆಗಳನ್ನು ಹೊಸೆದು ಗಂಟು ಕಾಣದ ಹಾಗೆ ಜೋಡಿಸಿದ್ದನ್ನು ದಿನಾ ನೋಡಿಯೂ ಒಂದು ದಿನ ಬಾಯಿ ಬಿಟ್ಟವನಲ್ಲ. ಅಂದು ಬಿಟ್ಟೆ. ಆದರೆ ಅವಳ ಮುಂದೆ ಬಿಡಲಿಲ್ಲ. ಹೇಳಿದ್ದು ಇಷ್ಟೇ: "ಇನ್ನು ಮೇಲೆ ನನ್ನ ಸಾಮಾನು ಪೂಜೆಗೆ ಇಡಬೇಡ."

ಹದಿನಾರು ಹಾಳೆಯ ಪಟ್ಟಿ ಆಗಲೇ ಸಂಘಕ್ಕೆ ಹೋಗಿತ್ತು. ಒಂಬತ್ತನೆಯದನ್ನು ಬಿಟ್ಟರೆ ಚೌಕಟ್ಟಿನ ನಡುವೆ ಹಲ್ಲು ಬಿದ್ದ ಹಾಗೆ. ಅಷ್ಟು ಸಣ್ಣ ಚುಕ್ಕೆ ಯಾರಿಗೆ ಕಾಣುತ್ತದೆ ಎಂದು ಧೈರ್ಯ ತಂದುಕೊಂಡೆ. ರಾಯರಿಗೂ ಹೇಳಲಿಲ್ಲ. ಪ್ರದರ್ಶನದ ಭಾನುವಾರ ಬೆಳಗ್ಗೆ ಹೊರಟರೆ, ಅಪ್ಪ ನೇಯ್ದ ಸೀರೆಯುಟ್ಟು ಅವ್ವ ಪುಳಿಯೋಗರೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. "ಬೊಟ್ಟು ಇಟ್ಟವಳು ಅವಳು, ಅವಳೇ ನೋಡ್ದಿದ್ರೆ ಹೆಂಗೆ? ಕರ್ಕೊಂಡು ಹೋಗು" ಎಂದು ಅಪ್ಪ ಮಗ್ಗದಿಂದಲೇ ಹೇಳಿದ.

ಸಭಾಂಗಣದಲ್ಲಿ ಅವ್ವನನ್ನು ನನ್ನ ಚೌಕಟ್ಟಿನ ಪಕ್ಕದ ಬೆಂಚಿನಲ್ಲಿ ಕೂರಿಸಿದೆ. ಮಾತಾಡಬೇಡ ಎಂದೆ. ಮದ್ರಾಸಿನ ತೀರ್ಪುಗಾರರು ಬಿಳಿಯ ಗಡ್ಡದ ಹಿರಿಯರು. ರಾಯರನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಚೌಕಟ್ಟಿನ ಮುಂದೆ ನಿಂತು ಏನೋ ಬರೆದುಕೊಂಡು ಬರುತ್ತಿದ್ದರು. ನನ್ನ ಒಂದರಿಂದ ಎಂಟು ಹಾಳೆಗಳನ್ನು ನಡೆಯುತ್ತಲೇ ನೋಡಿದರು. ಒಂಬತ್ತರ ಮುಂದೆ ನಿಂತರು. ಬಗ್ಗಿದರು. ಜೇಬಿನಿಂದ ಮಸೂರ ತೆಗೆದರು. ಒಂದು ಚೀಟಿ ನೋಡಿ ಇನ್ನೊಂದಕ್ಕೆ ಹೋದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಏಳು ದೇಶ. ಏಳಕ್ಕೂ ಒಂದೇ ಕೆಂಪು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನನ್ನ ಕಡೆ ತಿರುಗಿದರು. ಅವರ ಕಣ್ಣು ಹೊಳೆಯುತ್ತಿತ್ತು. "ಇದು ಅಚ್ಚೋ? ಇಷ್ಟು ಕರಾರುವಾಕ್ಕಾಗಿ ಕೈಯಲ್ಲಿ ಆಗುವುದು ಸಾಧ್ಯವೇ ಇಲ್ಲ. ಯಾವುದಾದರೂ ಮಠದವರು ಹಬ್ಬಕ್ಕೆಂದು ಒತ್ತಿಸಿದ್ದೋ? ಇದು ನಿಮಗೆ ಹೇಗೆ ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೇಳಬೇಕಾಗಿದ್ದುದು ಒಂದೇ ಮಾತು: ನಮ್ಮ ಅವ್ವ ಇಟ್ಟ ಕುಂಕುಮ. ಸುತ್ತ ವಕೀಲರು, ಡಾಕ್ಟರು, ಅವರ ಮಕ್ಕಳು. ಗೋಡೆಯ ಮೊಳೆ ನನ್ನ ಕಣ್ಣ ಮುಂದೆ ಬಂತು. ದಿನಾ ಆಫೀಸಿನ ಕಾಗದದಲ್ಲಿ ಬರೆದು ಬರೆದು ನಾಲಿಗೆಯ ತುದಿಯಲ್ಲೇ ಕೂತಿದ್ದ ಎರಡು ಪದ ಹೊರಗೆ ಬಿದ್ದವು.

"ಆ್ಯಸ್ ರಿಸೀವ್ಡ್, ಸರ್."

ಅಂದರೆ, ಬಂದದ್ದೇ ಹಾಗೆ. ತೀರ್ಪುಗಾರರು ಮತ್ತೆ ಬಗ್ಗಿದರು, ಈ ಸಲ ಇನ್ನೂ ಹತ್ತಿರಕ್ಕೆ, ಮೂಗು ತಾಗುವಷ್ಟು. ನಾಲ್ಕು ಜನ ಬಂದು ಅವರ ಹಿಂದೆ ನಿಂತರು. ಅವರೂ ಬಗ್ಗಿದರು. ಅವ್ವನಿಗೆ ಇಂಗ್ಲಿಷು ತಿಳಿಯದು. ಆದರೆ ದೊಡ್ಡ ಮನುಷ್ಯರು ಸಾಲಾಗಿ ಬಗ್ಗುವುದು ತಿಳಿಯುತ್ತದೆ. ಅವಳು ಬೆಂಚಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, ಬೆಳಗ್ಗೆ ತನ್ನೊಡನೆ ಕನ್ನಡದಲ್ಲಿ ಮಾತಾಡಿದ್ದ ರಾಯರ ಹತ್ತಿರ ಹೋದಳು.

"ಸಾಮಿ, ಅವ್ರಿಗೆ ಹೇಳಿ. ನಾನು ಇಟ್ಟದ್ದುಂಗ. ಆಯುಧಪೂಜೆ ದಿವ್ಸ. ಎಂಟು ಜನಕ್ಕೂ ಇಟ್ಟಿದ್ದೆ, ಒಬ್ಬಳದು ಇವ್ನು ಕೆಡಿಸ್ಬಿಟ್ಟ."

ರಾಯರು ನನ್ನನ್ನು ನೋಡಿದರು. ನಾನು ನೆಲವನ್ನು ನೋಡಿದೆ. ರಾಯರು ಇದ್ದದ್ದನ್ನು ಇದ್ದ ಹಾಗೆ ತೀರ್ಪುಗಾರರಿಗೆ ಹೇಳಿದರು. ಅವರು ನೆಟ್ಟಗೆ ನಿಂತರು. ಕೋಪ ಬರುತ್ತದೆಂದು ನಾನು ಕಾದೆ. ಅವರು ಅವ್ವನ ಕಡೆ ತಿರುಗಿ ತಮಿಳಿನಲ್ಲಿ, "ಯಾವುದರಲ್ಲಿ ಇಟ್ಟಿರಿ ತಾಯಿ?" ಎಂದು ಕೇಳಿದರು. ಅವ್ವ, ಇಲ್ಲದ ಕೊಕ್ಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಗಾಳಿಯಲ್ಲಿ ಒಂದು ಚುಕ್ಕೆ ಇಟ್ಟು ತೋರಿಸಿದಳು. ಎಳೆ ಜಾರಿ ಜಾರಿ ಸಣ್ಣ ಗೆರೆಗಳು ಬಿದ್ದ ಬೆರಳುಗಳು. ತೀರ್ಪುಗಾರರ ಕೈಯಲ್ಲಿ ಮಸೂರ ಇನ್ನೂ ಇತ್ತು. ತಮಗೆ ಗೊತ್ತಿಲ್ಲದೆಯೇ ಅದನ್ನು ಎತ್ತಿ ಆ ಬೆರಳುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಚೌಕಟ್ಟಿನಲ್ಲಿ ಯಾವ ದೇಶದ ಚೀಟಿಯನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

ಆಮೇಲೆ ಮಸೂರವನ್ನು ಜೇಬಿಗೆ ಹಾಕಿ, ನಿಯಮದಂತೆ 'ಹಾನಿಯಾದ ಚೀಟಿಗಳು' ಎಂದು ಬರೆದು ಒಂಬತ್ತನೆಯ ಹಾಳೆಯನ್ನು ಎಣಿಕೆಯಿಂದ ಬಿಟ್ಟರು. ಪದಕ ಬೇರೊಬ್ಬರ ಚಿಟ್ಟೆ ಚಿತ್ರದ ಚೀಟಿಗಳ ಚೌಕಟ್ಟಿಗೆ ಹೋಯಿತು. ಹೊರಡುವಾಗ ಅವರು ನನ್ನ ಹತ್ತಿರ ಬಂದು, ಬಹಳ ಮೃದುವಾಗಿ, "ನಿಮ್ಮ ಇಂಗ್ಲಿಷು ಚೆನ್ನಾಗಿದೆ" ಎಂದರು. ಪದವಿ ಬಂದ ಮೇಲೆ ಆ ಮಾತನ್ನು ಯಾರಾದರೂ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಕೊನೆಗೂ ಒಬ್ಬರು ಹೇಳಿದರು.

ಪಲ್ಲಡದ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು ಡಬ್ಬಿ ತೆರೆದಳು. "ಎಷ್ಟು ಜನ ಬಗ್ಗಿ ಬಗ್ಗಿ ದೇವ್ರಿಗಂಗೆ ಕುಂಬಿಟ್ರು ನೋಡಿದ್ಯಾ? ನಮ್ಮೂರಲ್ಲಿ ಹಿಂಗೆ ಯಾರು ಕುಂಬಿಡ್ತಾರೆ?" ಎಂದಳು. ಒಂದು ತುತ್ತು ತಿಂದು, "ಆ ಗಡ್ಡದವರು ಮೊದ್ಲು ನಿನ್ನ ಏನೋ ಕೇಳಿದ್ರಲ್ಲ, ನೀನೇನಂದೆ?" ಎಂದಳು.

ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು. ಆದರೆ ಒಂದೇ ದಿನಕ್ಕೆ ಎರಡು ಸುಳ್ಳು ಹೆಚ್ಚಾಯಿತೆಂದು ತೋರಿತು. "ಅಲ್ಲಿಂದ ಬರುವಾಗಲೇ ಹಾಗಿತ್ತು ಅಂದೆ ಅವ್ವ. ನೀನು ಇಟ್ಟದ್ದು ಅನ್ನಲಿಲ್ಲ."

ಅವ್ವ ಕಿಟಕಿಯಿಂದ ಹೊರಗೆ ನೋಡಿದಳು. ಒಂದು ಊರು ದಾಟಿತು. ಇನ್ನೊಂದು ಊರಿನ ಕೋಳಿಫಾರಮ್ಮಿನ ನಾತ ಬಂದು ಹೋಯಿತು. ಆಮೇಲೆ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, "ಶರಿ ಬಿಡು. ಇಟ್ಟವಳು ನಾನು, ಒಳ್ಳೆ ಹೆಸರು ನೀನು ಆ ಊರಿನವ್ರಿಗೆ ಕೊಡೋಕೆ ಹೋದೆ. ಅವರು ಬನಿಯನ್ ತಗೋತಾರಲ್ಲ, ಅದಕ್ಕಿರಬೇಕು. ತಿನ್ನು" ಎಂದಳು. ನಾನು ತಿಂದೆ. ಪಲ್ಲಡದಲ್ಲಿ ಇಳಿಯುವಾಗ ಖಾಲಿ ಡಬ್ಬಿಯನ್ನು ನಾನೇ ಹಿಡಿದುಕೊಂಡೆ.

ಇದಾಗಿ ನಾಲ್ಕು ವರ್ಷ. ಮೊಳೆ ಗೋಡೆಯಲ್ಲಿ ಹಾಗೇ ಇತ್ತು. ಅವ್ವ ಅದಕ್ಕೆ ತನ್ನ ತಂತಿಕೊಕ್ಕೆಯನ್ನು ತೂಗುಹಾಕಿದಳು. ಮಗ್ಗ ಒದೆದಾಗ ಈಗ ಪದವಿಪತ್ರವೂ ಕೊಕ್ಕೆಯೂ ಜೊತೆಯಾಗಿ ಬಡಿಯುತ್ತವೆ. ಕೊಕ್ಕೆಯ ಸದ್ದೇ ಸ್ವಲ್ಪ ಚೊಕ್ಕ. ಪ್ರತಿ ಆಯುಧಪೂಜೆಗೂ ಆಲ್ಬಮ್ಮನ್ನು ನಾನೇ ತೆರೆದು ಮಣೆಯ ಮೇಲಿಡುತ್ತೇನೆ. ಆ ವರ್ಷ ಬಂದ ಹೊಸ ತಾಯಂದಿರನ್ನು ಒಂದು ಹಾಳೆಗೆ ಹಾಕಿ, ಕೊಕ್ಕೆ ಇಳಿಸಿ, ಕುಂಕುಮದಲ್ಲಿ ಅದ್ದಿ, ಉಸಿರು ಹಿಡಿದು, ನಾನೇ ಇಡುತ್ತೇನೆ. ಅವ್ವ ಪಕ್ಕದಲ್ಲಿ ನಿಂತು, "ಮೆಲ್ಲಗೆ... ಮೇಲಕ್ಕೆ... ಇನ್ನೂ ಮೇಲಕ್ಕೆ ಸಾಮಿ" ಎನ್ನುತ್ತಾಳೆ. ಆದರೂ ಚುಕ್ಕೆ ಮೂಗಿನ ಮೇಲೆ ಬೀಳುತ್ತದೆ. ಕಳೆದ ವರ್ಷದ್ದು ಮಗುವಿನ ಮೂಗಿನ ಮೇಲೆ ಬಿತ್ತು. ಅವ್ವ ಬಗ್ಗಿ ನೋಡಿ, ಕೊಕ್ಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲಿನ ಬೋರ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಅಪ್ಪನಿಗೆ ಕೇಳುವ ಹಾಗೆ ಹೇಳುತ್ತಾಳೆ:

"ಇವ್ನದು ಇನ್ನೂ ಮುಗೀಲಿಲ್ಲ ನೋಡಿ, ಓದು."